ಏಳು ಸೀಟು, ಎಂಟು ಅಭಿಪ್ರಾಯ

ಮಗಳಿಗೆ ಗಂಡು ನೋಡುವಾಗ ‘ನಿಮ್ಮಿಷ್ಟ ಬಿಡಿ, ನಾವು ಹೇಳೋದೇನಿದೆ’ ಎಂದು ನಯವಾಗಿ ಜಾರಿಕೊಳ್ಳುವ ಭಾವಂದಿರು, ಸೈಟು ಕೊಳ್ಳುವಾಗ ‘ಯಾವುದಕ್ಕೂ ಒಂದ್ಸಲ ಲಾಯರಿಗೆ ತೋರಿಸಿ’ ಎಂದು ಕೈತೊಳೆದುಕೊಳ್ಳುವ ಮಾವಂದಿರು, ಕಾರಿನ ಸುದ್ದಿ ಕಿವಿಗೆ ಬಿದ್ದರೆ ಮಾತ್ರ ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಾರೆ. ಕಾಫಿ ಎರಡನೇ ಸಲ ಬೇಕಾಗುತ್ತದೆ. ‘ಯಾವುದು ಅಂತ ಇದೀರಿ?’ ಸ್ವಿಫ್ಟೋ ಐ20ಯೋ ಆದರೆ ಅರ್ಧ ಗಂಟೆಯಲ್ಲಿ ಮಾತು ಮುಗಿಯುತ್ತದೆ. ‘ಇನೋವಾ ಹೈಕ್ರಾಸ್’ ಅಂದಿರೋ, ರಾತ್ರಿ ಊಟಕ್ಕೂ ಅವರಿಗೆ ಎಲೆ ಹಾಕಿಸಬೇಕು.

ಯಾಕೆ ಅಂತೀರಾ? ಈ ಕಾರು ನಮ್ಮವರ ಹಳೇ ನಂಬಿಕೆಯೊಂದಕ್ಕೆ ಕೈಹಾಕಿದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ತಟ್ಟೆ ಇಡ್ಲಿಗೆ ನಿಲ್ಲುತ್ತಾರಲ್ಲ, ಆ ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಬಂತು. 2005ರಲ್ಲಿ ಇನೋವಾ, 2016ರಲ್ಲಿ ಕ್ರಿಸ್ಟಾ. ಮುಖ ಬದಲಾದರೂ ಮೂರರ ಅಸ್ಥಿಪಂಜರ ಒಂದೇ ಕುಲದ್ದು. ಕೆಳಗೆ ಲಾರಿಗಿರುವಂಥ ಉಕ್ಕಿನ ಚಾಸಿ, ಅದರ ಮೇಲೆ ಕೂರಿಸಿದ ಬಾಡಿ, ಗಾಡಿಯನ್ನು ತಳ್ಳುವುದು ಹಿಂದಿನ ಚಕ್ರ. ಪೆಟ್ರೋಲಿನದೂ ಇತ್ತು, ಆದರೆ ಇನೋವಾ ಅಂದರೆ ಜನರ ಕಿವಿಗೆ ಕೇಳುತ್ತಿದ್ದದ್ದು ಡೀಸೆಲ್ಲಿನ ಘರಘರ. 2022ರ ನವೆಂಬರಿನಲ್ಲಿ ಪರದೆ ಸರಿಸಿ ಹೈಕ್ರಾಸ್ ತೋರಿಸಿದಾಗ ಇದರಲ್ಲಿ ಒಂದೂ ಉಳಿದಿರಲಿಲ್ಲ. ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಎಳೆಯುವುದು ಮುಂದಿನ ಚಕ್ರ. ಡೀಸೆಲ್ ಪೂರ್ತಿ ಮಾಯ. 2 ಲೀಟರಿನ ಪೆಟ್ರೋಲ್ ಇಂಜಿನ್, ದುಬಾರಿ ಮಾದರಿಗಳಲ್ಲಿ ಅದಕ್ಕೆ ಜೊತೆಯಾಗಿ ಎಲೆಕ್ಟ್ರಿಕ್ ಮೋಟರ್, ಅದೇ ಹೈಬ್ರಿಡ್. ಗೇರ್ ಹಾಕುವ ಕೆಲಸ ಯಾವ ಮಾದರಿಯಲ್ಲೂ ಇಲ್ಲ. ಮೂತಿ ಎಸ್‌ಯುವಿಯದು, ಹೊಟ್ಟೆ ವ್ಯಾನಿನದು. ತಿಳಿದವರು ಕ್ರಾಸ್‌ಓವರ್ ಅಂದರು. ನಮ್ಮ ಮಾವ ಏನೂ ಅನ್ನಲಿಲ್ಲ, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು.

ಅಲ್ಲಿಂದೀಚೆಗೆ ಕೊಂಡವರು, ಕೊಳ್ಳಲು ಹೊರಟವರು, ಕೊಂಡವರ ಕಾರಿನಲ್ಲಿ ಬಿಟ್ಟಿ ತಿರುಪತಿ ಮಾಡಿಬಂದವರು, ಎಲ್ಲರ ಮಾತನ್ನೂ ಕೇಳಿ ನನಗೊಂದು ಅನುಮಾನ ಗಟ್ಟಿಯಾಗಿದೆ. ಇವರೆಲ್ಲ ಕಾರಿನ ವಿಷಯ ಹೇಳುತ್ತಿದ್ದೇವೆ ಎಂದುಕೊಂಡು ತಾವು ಕೂತ ಸೀಟಿನ ವಿಷಯ ಹೇಳುತ್ತಿದ್ದಾರೆ. ‘ಗಾಡಿ ಹೇಗಿದೆ?’ ಎಂದು ಕೇಳುವ ಮೊದಲು ‘ತಾವು ಎಲ್ಲಿ ಕೂತಿದ್ರಿ?’ ಎಂದು ಕೇಳಿಬಿಟ್ಟರೆ ಅರ್ಧ ಜಗಳ ಅಲ್ಲೇ ಇತ್ಯರ್ಥ. ಇದು ಏಳು ಸೀಟಿನ ಗಾಡಿ. ಅಭಿಪ್ರಾಯ ಮಾತ್ರ ಎಂಟು. ಎಂಟನೆಯವರ ಹತ್ತಿರ ಕೊನೆಗೆ ಹೋಗೋಣ. ಅವರಿಗೇನೂ ಅವಸರವಿಲ್ಲ, ಅವರು ಎಲ್ಲಿಗೂ ಹೋಗುವವರಲ್ಲ.

ಸ್ಟೀರಿಂಗ್ ಹಿಡಿದ ಯಜಮಾನರನ್ನೇ ಮೊದಲು ವಿಚಾರಿಸಿಕೊಳ್ಳೋಣ. ವರ್ಷಗಟ್ಟಲೆ ಡೀಸೆಲ್ ಇನೋವಾ ಓಡಿಸಿ, ಕ್ಲಚ್ ತುಳಿದು ತುಳಿದು ಎಡಗಾಲಿನ ಮೀನಖಂಡವನ್ನು ಬಲಗಾಲಿಗಿಂತ ದಪ್ಪ ಮಾಡಿಕೊಂಡವರು ಇವರು. ಹೈಬ್ರಿಡ್ ಗಾಡಿ ಹತ್ತಿ ಬಟನ್ ಒತ್ತುತ್ತಾರೆ. ಘರ್ ಇಲ್ಲ, ನಡುಕ ಇಲ್ಲ, ಗೇರ್ ರಾಡಿನ ಕುಣಿತ ಇಲ್ಲ. ಸ್ಟಾರ್ಟ್ ಆಗಲಿಲ್ಲ ಅಂದುಕೊಂಡು ಇನ್ನೊಮ್ಮೆ ಒತ್ತುತ್ತಾರೆ, ಆಗ ನಿಜವಾಗಿಯೂ ಆಫ್ ಆಗುತ್ತದೆ. ಪಕ್ಕದಲ್ಲಿ ಕೂತ ಶೋರೂಮಿನ ಹುಡುಗ ಟೈ ಸರಿಮಾಡಿಕೊಂಡು, ‘ಸರ್, ಆನ್ ಆಗಿತ್ತು’ ಅನ್ನುತ್ತಾನೆ. ಮೊಮ್ಮಗನ ವಯಸ್ಸಿನವನ ಬಾಯಲ್ಲಿ ಈ ಮಾತು ಕೇಳಿದ ಯಜಮಾನರು ಮನೆಗೆ ಬಂದು, ‘ಗಾಡಿಗೆ ಜೀವಾನೇ ಇಲ್ಲ ಕಣ್ರೀ’ ಎಂದು ಷರಾ ಬರೆದುಬಿಡುತ್ತಾರೆ.

ಜೀವ ಧಾರಾಳವಾಗಿದೆ, ಬಾಯಿಲ್ಲ ಅಷ್ಟೆ. ನಿಂತಲ್ಲಿಂದ ಹೊರಡುವಾಗ, ಮೆಲ್ಲಗೆ ಹೋಗುವಾಗ ಮೋಟರೊಂದೇ ಎಳೆಯುತ್ತದೆ, ಇಂಜಿನ್ ಮಲಗಿರುತ್ತದೆ. ನಮ್ಮ ಬೀದಿ ನಾಯಿಗಳಿಗೆ ಈ ಸಂಗತಿ ಇನ್ನೂ ತಿಳಿದಿಲ್ಲ. ಡೀಸೆಲ್ ಗಾಡಿ ಬೀದಿಯ ತಿರುವಿಗೆ ಬಂದಾಗಲೇ ಎದ್ದು, ಮೈಮುರಿದು, ಬಾಲ ಅಲ್ಲಾಡಿಸಿ ದಾರಿ ಬಿಡುತ್ತಿದ್ದ ನಾಯಿ ಈಗ ಬಂಪರ್ ಮೂಗಿನ ಹತ್ತಿರ ಬಂದರೂ ಕನಸು ಕಾಣುತ್ತಿರುತ್ತದೆ. ಯಜಮಾನರು ಹಾರನ್ ಬಜಾಯಿಸಬೇಕು. ಇಂಜಿನ್ನಿನಲ್ಲಿ ಉಳಿಸಿದ ಸದ್ದನ್ನೆಲ್ಲ ಹಾರನ್ನಿನಲ್ಲಿ ಖರ್ಚು ಮಾಡಿ ಲೆಕ್ಕ ಸರಿತೂಗಿಸುತ್ತಾರೆ.

ಇನ್ನು ಪಿಕಪ್ಪಿನ ಮಾತು. ಹೈಬ್ರಿಡ್ಡಿನದು ಇಂಜಿನ್ನು ಮೋಟರು ಸೇರಿ 186 ಪಿಎಸ್. ಡೀಸೆಲ್ ಕ್ರಿಸ್ಟಾದ್ದು 150. ಓಟಕ್ಕೆ ಬಿಟ್ಟರೆ ಹೊಸದೇ ಮುಂದೆ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಮುಂದೆ ಹೋಗುವ ಧಾಟಿಯಲ್ಲಿ. ಲಾರಿ ಹಿಂದೆ ಹಾಕಲು ಕಾಲನ್ನು ಪೂರ್ತಿ ಒತ್ತಿದರೆ ಇಂಜಿನ್ ಒಂದೇ ಶ್ರುತಿ ಹಿಡಿದು ಕೂಗುತ್ತದೆ, ಗಾಡಿಯ ವೇಗ ಅದರ ಹಿಂದಿನಿಂದ ಏರಿಕೊಂಡು ಬರುತ್ತದೆ. ಒಂದನೇ ಗೇರು, ಎರಡನೇ ಗೇರು ಎಂಬ ಮೆಟ್ಟಿಲುಗಳಿಲ್ಲ. ಹಳೆಯದರಲ್ಲಿ ಹಾಗಲ್ಲ. ಗೇರ್ ಇಳಿಸಿ, ಹಲ್ಲು ಕಚ್ಚಿ, 343 ನ್ಯೂಟನ್ ಮೀಟರಿನ ಎಳೆತ ಬೆನ್ನಿಗೆ ಗುದ್ದಿದಾಗ, ಪಕ್ಕದಲ್ಲಿ ಕೂತ ಹೆಂಡತಿ ‘ನಿಧಾನ ರೀ’ ಅಂದಾಗ, ಡ್ರೈವಿಂಗ್ ಎಂಬುದೊಂದು ನಡೆದದ್ದಕ್ಕೆ ಸಾಕ್ಷಿ ಸಿಗುತ್ತಿತ್ತು. ಈಗ ಹೆಂಡತಿ ಫೋನ್ ನೋಡುತ್ತಿರುತ್ತಾರೆ, ಲಾರಿ ಯಾವಾಗಲೋ ಹಿಂದೆ ಬಿದ್ದಿರುತ್ತದೆ. ಯಾರೂ ಗಮನಿಸದ ಓವರ್‌ಟೇಕಿಗೆ ಬೆಲೆ ಏನು ಹೇಳಿ?

ಮೈಲೇಜಿನಲ್ಲಿ ಯಜಮಾನರೊಳಗೇ ಎರಡು ಪಕ್ಷ. ಕಂಪನಿಯ ಕಾಗದದಲ್ಲಿ ಹೈಬ್ರಿಡ್‌ಗೆ ಲೀಟರಿಗೆ 23.24 ಕಿಲೋಮೀಟರ್ ಎಂದಿದೆ. ಕಾಗದದ ಮೈಲೇಜನ್ನು ರಸ್ತೆಯಲ್ಲಿ ಕಂಡವರಿಲ್ಲ ಎನ್ನುವುದು ಎಲ್ಲ ಕಾರಿಗೂ ಹೊಂದುವ ಮಾತು, ಬಿಡಿ. ಇಲ್ಲಿನ ತಮಾಷೆ ಬೇರೆ. ನಮ್ಮ ತಲೆಯಲ್ಲಿ ಸಿಟಿಯಲ್ಲಿ ಕಡಿಮೆ, ಹೈವೇಯಲ್ಲಿ ಜಾಸ್ತಿ ಎಂಬ ಲೆಕ್ಕ ಕೂತುಬಿಟ್ಟಿದೆ. ಹೈಬ್ರಿಡ್ ಅದನ್ನು ತಲೆಕೆಳಗು ಮಾಡಿದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ನಿಂತು ಹೊರಡುವವರ ಗಾಡಿಯಲ್ಲಿ ಇಂಜಿನ್ ಹೆಚ್ಚು ಹೊತ್ತು ಮಲಗಿರುತ್ತದೆ, ಪ್ರತಿ ಬ್ರೇಕಿಗೂ ಬ್ಯಾಟರಿಗೆ ನಾಲ್ಕು ಕಾಸು ಜಮಾ ಆಗುತ್ತದೆ. ತುಮಕೂರು ದಾಟಿ ಹುಬ್ಬಳ್ಳಿ ಕಡೆ ಕಾಲು ಒತ್ತಿಕೊಂಡು ಹೋಗುವವರಿಗೆ ಆ ಉಳಿತಾಯಕ್ಕೆ ಅವಕಾಶವೇ ಇಲ್ಲ, ಇಂಜಿನ್ ಒಂದೇ ಸಮ ದುಡಿಯಬೇಕು. ಹೀಗಾಗಿ ಟ್ರಾಫಿಕ್ಕಿನಲ್ಲಿ ಜನ್ಮ ಸವೆಸುವ ಬೆಂಗಳೂರಿನ ತಮ್ಮ ಗಾಡಿಯನ್ನು ಹೊಗಳುತ್ತಾನೆ, ಖಾಲಿ ರಸ್ತೆಯ ಹುಬ್ಬಳ್ಳಿಯ ಅಣ್ಣ ಬೈಯುತ್ತಾನೆ. ಅಣ್ಣತಮ್ಮಂದಿರ ನಡುವೆ ಆಸ್ತಿ ವಿಷಯಕ್ಕೂ ಇಷ್ಟು ಮಾತು ನಡೆದದ್ದನ್ನು ನಾನು ಕಂಡಿಲ್ಲ.

‘ಚಾರ್ಜಿಗೆ ಎಲ್ಲಿ ಹಾಕ್ತೀರಿ?’ ಎಂಬ ಪ್ರಶ್ನೆಯಂತೂ ಹೈಬ್ರಿಡ್ ಕೊಂಡವರ ಬಾಲ ಬಿಡುವುದಿಲ್ಲ. ಗೃಹಪ್ರವೇಶಕ್ಕೆ ಹೋಗಲಿ, ಹೆಣ ನೋಡಲು ಹೋಗಲಿ, ಗೇಟಿನ ಹತ್ತಿರ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಪ್ಲಗ್ ಇಲ್ಲ ಸ್ವಾಮಿ. ಬ್ರೇಕ್ ಒತ್ತಿದಾಗ, ಇಳಿಜಾರಿನಲ್ಲಿ ಉರುಳಿದಾಗ ಅದೇ ಮೋಟರ್ ಜನರೇಟರ್ ಆಗಿ ಬ್ಯಾಟರಿ ತುಂಬುತ್ತದೆ, ಸಾಲದ್ದನ್ನು ಇಂಜಿನ್ ತುಂಬುತ್ತದೆ. ಬ್ಯಾಟರಿಯೂ ದೊಡ್ಡದೇನಲ್ಲ, ಮನೆ ಮೀಟರಿನ ಲೆಕ್ಕದಲ್ಲಿ ಒಂದೂವರೆ ಯೂನಿಟ್ಟಿನ ಆಸುಪಾಸು. ಇಷ್ಟು ಹೇಳಿದ ಮೇಲೆ ಕೇಳಿದವರು ತಲೆದೂಗಿ, ‘ಸರಿ ಸರಿ, ರಾತ್ರಿ ಚಾರ್ಜಿಗೆ ಹಾಕೋದು ಮರೀಬೇಡಿ’ ಅನ್ನುತ್ತಾರೆ. ಇನ್ನೊಬ್ಬರದು ‘ಬ್ಯಾಟರಿ ಹೋದ್ರೆ ಲಕ್ಷಗಟ್ಟಲೆ ಕಕ್ಕಬೇಕು’ ಎಂಬ ಭವಿಷ್ಯವಾಣಿ. ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ ಎಂದರೆ, ‘ಒಂಬತ್ತನೇ ವರ್ಷ?’ ಎನ್ನುತ್ತಾರೆ. ಒಂಬತ್ತನೇ ವರ್ಷದ ಚಿಂತೆ ಮಾಡುವ ಈ ಮನುಷ್ಯರು ಐದು ವರ್ಷಕ್ಕೆ ಮೇಲೆ ಯಾವ ಕಾರನ್ನೂ ಇಟ್ಟುಕೊಂಡವರಲ್ಲ ಎಂಬುದನ್ನು ನಾವು ಎತ್ತಬಾರದು.

ಮುಂದಿನ ಸೀಟಿನ ಗಲಾಟೆ ಸಾಕು. ಈ ಕಾರಿನ ನಿಜವಾದ ನ್ಯಾಯಪೀಠ ನಡುವಿನ ಸಾಲಿನಲ್ಲಿದೆ, ಅದರಲ್ಲಿ ಅಜ್ಜಿ ಕೂತಿದ್ದಾರೆ.

ಹಳೇ ಇನೋವಾ ಹತ್ತುವುದು ಅಜ್ಜಿಯ ಪಾಲಿಗೆ ಒಂದು ಯಾತ್ರೆಯೊಳಗಿನ ಯಾತ್ರೆ. ಚಾಸಿಯ ಮೇಲೆ ಬಾಡಿ ಕೂತಿರುವುದರಿಂದ ಒಳನೆಲ ಎತ್ತರ. ಮೊದಲು ಸೆರಗು ಸಿಕ್ಕಿಸಿಕೊಳ್ಳಬೇಕು, ಬಲಗೈಯಲ್ಲಿ ಹಿಡಿಕೆ ಹಿಡಿಯಬೇಕು, ಎಡಗೈ ಸೊಸೆಯ ಹೆಗಲ ಮೇಲೆ, ‘ಮಂಜುನಾಥಾ’ ಎಂದು ಒಂದು ಕಾಲು ಮೇಲಿಡಬೇಕು, ಹಿಂದಿನಿಂದ ಮೊಮ್ಮಗ ತಳ್ಳಬೇಕು. ಧರ್ಮಸ್ಥಳ ಇನ್ನೂ ಇನ್ನೂರು ಕಿಲೋಮೀಟರ್ ಇರುವಾಗಲೇ ಅರ್ಧ ಪುಣ್ಯ ಖರ್ಚಾಗಿರುತ್ತಿತ್ತು. ಹೈಕ್ರಾಸಿನಲ್ಲಿ ಕೆಳಗೆ ಬೇರೆ ಚಾಸಿಯಿಲ್ಲ, ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟೂ ಇಲ್ಲ. ನೆಲ ಕೆಳಗಿಳಿದಿದೆ, ಸಮತಟ್ಟಾಗಿದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಕ್ರಿಸ್ಟಾದಲ್ಲಿ 2750 ಮಿಲಿಮೀಟರ್ ಇದ್ದದ್ದು ಇಲ್ಲಿ 2850 ಆಗಿದೆ. ಆ ಹೆಚ್ಚಿನ ನೂರು ಮಿಲಿಮೀಟರ್ ಸರಿಯಾಗಿ ಅಜ್ಜಿಯ ಮೊಣಕಾಲಿನ ಮುಂದೆಯೇ ಬಂದಂತಿದೆ. ಇಂಜಿನಿಯರುಗಳು ಪ್ಲಾಟ್‌ಫಾರ್ಮು, ಮಾನೋಕಾಕು ಎಂದು ಗಂಟೆಗಟ್ಟಲೆ ವಿವರಿಸಿದ್ದನ್ನು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದರು: ‘ಇದು ಹತ್ತೋದಲ್ಲ ಕಣೇ, ಕೂತ್ಕೊಳ್ಳೋದು.’

ಕೂತ ಮೇಲೆ ಬೇರೆಯೇ ಕಥೆ. ಏಳು ಸೀಟಿನ ಮೇಲ್ದರ್ಜೆಯ ಮಾದರಿಯಲ್ಲಿ ನಡುವಿನ ಎರಡು ಸೀಟುಗಳಿಗೆ ಬಟನ್ ಇದೆ. ಒತ್ತಿದರೆ ಬೆನ್ನು ಹಿಂದಕ್ಕೆ ವಾಲುತ್ತದೆ, ಮೀನಖಂಡದ ಕೆಳಗಿನಿಂದ ಮೆತ್ತನೆಯ ಹಲಗೆಯೊಂದು ಎದ್ದು ಬಂದು ಕಾಲನ್ನು ಎತ್ತಿ ಹಿಡಿಯುತ್ತದೆ. ಮೊದಲ ಸಲ ಅದು ಎದ್ದಾಗ ಅಜ್ಜಿ ‘ಅಯ್ಯೋ’ ಅಂದರು. ಎರಡನೇ ಸಲ ಮಾತಾಡಲಿಲ್ಲ. ಆಮೇಲೆ ಆ ಬಟನ್ ಅವರ ಸ್ವತ್ತಾಯಿತು. ಆದರೆ ಸುಖ ಪೂರ್ತಿಯಾಗುವ ಹೊತ್ತಿಗೆ ಧರ್ಮಸಂಕಟ ಬಂತು. ಡ್ಯಾಶ್‌ಬೋರ್ಡಿನ ಮೇಲೆ ಗಣಪತಿ ಇದ್ದಾನೆ. ಕಾಲು ನೀಡಿದರೆ ನೇರ ದೇವರ ಕಡೆಗೆ. ದೇವರ ಕಡೆ ಕಾಲು ಚಾಚಬಾರದು ಎಂದು ಮೂರು ತಲೆಮಾರಿಗೆ ಹೇಳಿಕೊಟ್ಟವರು ಇವರೇ. ಕಾಲು ಮಡಿಸಿದರೆ ಸೀಟಿಗೆ ಕೊಟ್ಟ ದುಡ್ಡು ದಂಡ, ಚಾಚಿದರೆ ದೋಷ. ಹಾಸನ ಬರುವವರೆಗೆ ಕಾಲು ಅರ್ಧ ಮೇಲೆ ಅರ್ಧ ಕೆಳಗೆ ಇತ್ತು. ಕಾಫಿಗೆ ನಿಲ್ಲಿಸಿದಾಗ ಅಜ್ಜಿಯೇ ದಾರಿ ಕಂಡುಕೊಂಡರು. ಗಣಪತಿಯ ಮುಖವನ್ನು ರಸ್ತೆಯ ಕಡೆ ತಿರುಗಿಸಿಬಿಟ್ಟರು. ‘ದಾರಿ ನೋಡ್ಲಿ ಪಾಪ, ಅವನ ಕೆಲಸ ಅದೇ ತಾನೆ.’ ಈ ಪರಿಹಾರದ ಮುಂದೆ ಕಂಪನಿಯವರ ಕ್ಯಾಮೆರಾ, ರಾಡಾರ್, ತಾನಾಗೇ ಬ್ರೇಕ್ ಹಾಕುವ ವ್ಯವಸ್ಥೆ ಎಲ್ಲ ಎರಡನೇ ದರ್ಜೆಯವು.

ಸನ್‌ರೂಫ್ ವಿಷಯದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಹಗಲು ತೆಗೆದರೆ ಬಿಸಿಲು, ಸಂಜೆ ತೆಗೆದರೆ ಧೂಳು, ರಾತ್ರಿ ತೆಗೆದರೆ ಸೊಳ್ಳೆ. ಆದರೂ ಅದಿಲ್ಲದ ಮಾದರಿ ನೋಡಲು ಮಕ್ಕಳು ಶೋರೂಮಿನೊಳಕ್ಕೇ ಬರುವುದಿಲ್ಲ. ರಾಯಚೂರಿನ ನನ್ನ ಪರಿಚಿತರೊಬ್ಬರು ಹಠಕ್ಕೆ ಬಿದ್ದು ಸನ್‌ರೂಫ್ ಇರುವುದನ್ನೇ ಕೊಂಡು, ಮರುದಿನವೇ ಅದಕ್ಕೆ ದಪ್ಪ ಪರದೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದರು.

ಮೂರನೇ ಸಾಲಿನವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಕೂರುವುದು ಕಾಲೇಜಿನ ಹುಡುಗ, ಮದುವೆಯಾಗದ ಚಿಕ್ಕಪ್ಪ ಅಥವಾ ಸಾಮಾನು. ನಮ್ಮ ರಾಜ್ಯ ಸರ್ಕಾರವೇ ಇದಕ್ಕೆ ನಿದರ್ಶನ. 2023ರ ಆಗಸ್ಟಿನಲ್ಲಿ ಮಂತ್ರಿಗಳಿಗೆಂದು 33 ಹೈಬ್ರಿಡ್ ಹೈಕ್ರಾಸ್ ಕೊಳ್ಳಲು 9.9 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟರು. ಒಂದಕ್ಕೆ 30 ಲಕ್ಷ. ಖರ್ಚಿನ ಬಗ್ಗೆ ಟೀಕೆ ಬಂತು, ಸಮರ್ಥನೆ ಬಂತು. ಮುಂದಿನ ಚಕ್ರ ಎಳೆಯುವುದೋ ಹಿಂದಿನ ಚಕ್ರ ತಳ್ಳುವುದೋ ಎಂಬ ಚರ್ಚೆ ಮಾತ್ರ ಎಲ್ಲೂ ಆಗಲಿಲ್ಲ. ಹೇಗಾಗುತ್ತದೆ? ಮಂತ್ರಿಗಳು ಕೂರುವುದು ನಡುವಿನ ಸಾಲಿನಲ್ಲಿ, ಅಜ್ಜಿಯ ಸೀಟಿನಲ್ಲಿ. ಹಿಂದೆ ಮಡಿಸಿಕೊಂಡು ಕೂತ ಸಹಾಯಕರ ಮೊಣಕಾಲಿನ ಅಹವಾಲು ಯಾವ ಕಡತಕ್ಕೂ ಏರಿದ ಹಾಗಿಲ್ಲ.

ಚಕ್ರದ ಜಗಳ ಏನೆಂದು ತಿಳಿಯಬೇಕಾದರೆ ಸಕಲೇಶಪುರದ ಆಚೆ ಹೋಗಬೇಕು. ಅಲ್ಲಿನ ತೋಟದ ನೆಂಟರೊಬ್ಬರು ಹೈಕ್ರಾಸ್ ಎಂದರೆ ಕಾಫಿ ಲೋಟ ಕೆಳಗಿಡುತ್ತಾರೆ. ‘ಮಾರಾಯ್ರೆ, ಪೇಟೆ ಗಾಡಿ ಅದು. ಮಳೆಗಾಲದಲ್ಲಿ ನಮ್ಮ ಮನೆ ಏರಿಗೆ ತಂದು ತೋರಿಸಿ.’ ಅವರ ಮಾತಿನಲ್ಲಿ ತೂಕವಿದೆ. ಕೆಸರಿನ ಕಡಿದಾದ ಏರಿನಲ್ಲಿ ಗಾಡಿಯ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದೆ ಜನ ತುಂಬಿದ್ದರೆ, ಗೊಬ್ಬರದ ಚೀಲವೂ ಇದ್ದರೆ, ಇನ್ನಷ್ಟು. ಭಾರ ಬಿದ್ದ ಹಿಂದಿನ ಚಕ್ರವೇ ತಳ್ಳುವುದಾದರೆ ಅದು ನೆಲ ಕಚ್ಚಿ ಹತ್ತುತ್ತದೆ. ಮುಂದಿನ ಚಕ್ರ ಎಳೆಯಬೇಕಾದಾಗ ಅದು ಹಗುರಾಗಿ ಕೆಸರಲ್ಲಿ ಬುರ್ರನೆ ಸುತ್ತುವ ಸಂಭವ ಹೆಚ್ಚು. ಹೈಕ್ರಾಸಿಗೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಆಯ್ಕೆ ಕೊಟ್ಟಿಲ್ಲ. ‘ನಂಗೆ ಮನೆ ಮುಟ್ಟೋ ಗಾಡಿ ಬೇಕು, ಗೇಟಿನ ತನಕ ಬರೋದಲ್ಲ’ ಎನ್ನುವ ಅವರ ವಾದಕ್ಕೆ ಎದುರಾಡುವ ಧೈರ್ಯ ನನಗಿಲ್ಲ.

ಧೈರ್ಯ ಇರುವುದು ಅವರ ಮನೆಯವರಿಗೆ. ಆಕೆ ಕೂರುವುದು ಹಿಂದೆ. ಎತ್ತರದ ಚಾಸಿಯ ಗಾಡಿ ಚಾರ್ಮಾಡಿಯ ತಿರುವುಗಳಲ್ಲಿ ಅತ್ತಿತ್ತ ಓಲಾಡುವಾಗ ಮುಂದೆ ಸ್ಟೀರಿಂಗ್ ಹಿಡಿದವರಿಗೆ ಏನೂ ಆಗುವುದಿಲ್ಲ, ಹಿಂದೆ ಕೂತವರು ನಿಂಬೆಹಣ್ಣು ಮೂಸುತ್ತಾ, ಕವರ್ ಕೈಯಲ್ಲಿ ಹಿಡಿದು, ಕೊಟ್ಟಿಗೆಹಾರದ ನೀರ್ ದೋಸೆ ಯಾಕೆ ತಿಂದೆನೋ ಎಂದು ಪಶ್ಚಾತ್ತಾಪ ಪಡುತ್ತಿರಬೇಕು. ಬಾಡಿಯೇ ಚಾಸಿಯಾದ ಹೊಸ ಗಾಡಿಯಲ್ಲಿ ಆ ಓಲಾಟ ಕಡಿಮೆ. ‘ಮಳೆಗಾಲ ನಾಲ್ಕು ತಿಂಗಳು. ಮಂಗಳೂರಿಗೆ ಹೋಗೋದು ವರ್ಷ ಪೂರ್ತಿ’ ಎಂದು ಆಕೆ ಒಳಗಿನಿಂದಲೇ ಹೇಳಿದರು. ತೋಟದ ಯಜಮಾನರು ಮಳೆಯ ಕಡೆ ನೋಡಿದರು. ಅಂದು ಮಳೆ ಇರಲಿಲ್ಲ.

ಈ ಯಜಮಾನರಂಥವರು ದೇಶದ ತುಂಬ ಇದ್ದಾರೆ ಎಂಬುದು ಕಂಪನಿಗೂ ಗೊತ್ತು. 2022ರಲ್ಲಿ ಬುಕಿಂಗ್ ನಿಲ್ಲಿಸಿದ್ದ ಡೀಸೆಲ್ ಕ್ರಿಸ್ಟಾವನ್ನು 2023ರ ಆರಂಭದಲ್ಲಿ ಮತ್ತೆ ಕರೆತಂದರು, ಮ್ಯಾನುಯಲ್ ಗೇರಿನಲ್ಲಿ ಮಾತ್ರ. ಒಂದೇ ಶೋರೂಮಿನಲ್ಲಿ ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ. ನಮಗಿಂತ ನಾಲ್ಕು ದಿನ ಮೊದಲೇ ಇದೇ ಹೊಸ ಗಾಡಿಯನ್ನು ‘ಕಿಜಾಂಗ್ ಇನೋವಾ ಜೆನಿಕ್ಸ್’ ಎಂಬ ಹೆಸರಿನಲ್ಲಿ ಕಂಡ ಇಂಡೋನೇಷ್ಯಾದಲ್ಲೂ ಹಳೆಯ ಡೀಸೆಲ್ ಇನೋವಾ ಪಕ್ಕದಲ್ಲೇ ಉಳಿದುಕೊಂಡಿತು. ಜಾವಾದ ಮಾವಂದಿರೂ ಕಾಫಿ ಬೆಳೆಯುವವರೇ.

ಹಳದಿ ಬೋರ್ಡಿನವರ ಮಾತನ್ನು ನಾನು ಹೆಚ್ಚು ನಂಬುತ್ತೇನೆ, ಯಾಕೆಂದರೆ ಅವರು ಅಭಿಪ್ರಾಯ ಹೇಳಿ ಸುಮ್ಮನಾಗುವವರಲ್ಲ, ಅದರ ಮೇಲೆ ಕಂತು ಕಟ್ಟುವವರು. ಕ್ವಾಲಿಸ್ ಕಾಲದಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಹುಡುಗ ಹುಡುಗಿಯರನ್ನು ರಾತ್ರಿಯಿಡೀ ಸಾಗಿಸಿ ಹೆಸರು ಮಾಡಿದ ಗಾಡಿಯ ವಂಶ ಇದು. ಅವರ ಲೆಕ್ಕ ಚಿಕ್ಕದು. ಎಷ್ಟು ಲಕ್ಷ ಕಿಲೋಮೀಟರ್ ಓಡುತ್ತೆ, ನಡುರಸ್ತೆಯಲ್ಲಿ ನಿಂತರೆ ಹತ್ತಿರದ ಊರಿನ ಮೆಕ್ಯಾನಿಕ್ ಕೈಹಾಕುತ್ತಾನಾ? ಡೀಸೆಲ್ ಇಂಜಿನ್ನಿಗೆ ಸ್ಪ್ಯಾನರ್ ಹಿಡಿದು ಬರುವ ಮೆಕ್ಯಾನಿಕ್, ಹೈಬ್ರಿಡ್ಡಿನ ಬಾನೆಟ್ ಎತ್ತಿದಾಗ ಕಿತ್ತಳೆ ಬಣ್ಣದ ಹೈವೋಲ್ಟೇಜ್ ವೈರ್ ಕಂಡು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ, ‘ಕಂಪನಿಗೇ ಬಿಡಿ ಅಣ್ಣಾ’ ಅನ್ನುತ್ತಾನೆ. ಅಲ್ಲಿಗೆ ಅವರ ಚರ್ಚೆ ಮುಗಿಯಿತು. ಆದರೆ ಬಿಳಿ ಬೋರ್ಡಿನವರಲ್ಲಿ ಕೆಲವರು ಹೈಕ್ರಾಸ್ ಕೊಳ್ಳುವುದೇ ಈ ಕಾರಣಕ್ಕೆ: ‘ಕ್ರಿಸ್ಟಾ ತಗೊಂಡ್ರೆ ಏರ್‌ಪೋರ್ಟಲ್ಲಿ ಜನ ಬಂದು ಡಿಕ್ಕಿ ತೆಗೀರಿ ಅಂತಾರೆ ಕಣ್ರೀ.’

ಹಣದ ವಿಷಯ ಬಂದಾಗ ಎಲ್ಲ ಸೀಟಿನವರೂ ಒಂದಾಗುತ್ತಾರೆ. 2022ರ ಡಿಸೆಂಬರಿನಲ್ಲಿ ಬೆಲೆ ಹೇಳಿದಾಗ 18.30 ಲಕ್ಷದಿಂದ 28.97 ಲಕ್ಷದವರೆಗೆ ಇತ್ತು, ಅದೂ ಎಕ್ಸ್ ಶೋರೂಮ್. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ಶೇ 18ರ ಆಜೀವ ತೆರಿಗೆ, ಅದರ ಮೇಲೆ ಸೆಸ್, ಮತ್ತೆ ವಿಮೆ. ಮೇಲ್ದರ್ಜೆಯದು ರಸ್ತೆಗಿಳಿಯುವಾಗ ಆಗಲೇ 35 ಲಕ್ಷ ದಾಟುತ್ತಿತ್ತು. ಬಿಡದಿಯಲ್ಲಿ ಹುಟ್ಟಿದ ಹೈಬ್ರಿಡ್ ಗಾಡಿಗೆ 2024ರ ಜುಲೈನಲ್ಲಿ ಉತ್ತರ ಪ್ರದೇಶ ಸರ್ಕಾರ ನೋಂದಣಿ ತೆರಿಗೆ ಮನ್ನಾ ಮಾಡಿದಾಗ ನಮ್ಮವರ ಹೊಟ್ಟೆಯಲ್ಲಿ ಏನಾಗಿರಬೇಡ. ತವರಿನಲ್ಲೇ ಮಗಳಿಗೆ ಬಾಡಿಗೆ ಕೇಳಿದ ಹಾಗೆ. ಅಷ್ಟು ದುಡ್ಡು ಕೊಟ್ಟ ಮೇಲೂ ಒಳಗಿನ ಪ್ಲಾಸ್ಟಿಕ್ ಮುಟ್ಟಿ ‘ಇಷ್ಟಕ್ಕೆ ಇದಾ?’ ಎಂದು ಮೂಗು ಮುರಿದವರು ಬಹಳ. ಮೂಗು ಮುರಿದೂ ಸಾಲಿನಲ್ಲಿ ನಿಂತರು ಅನ್ನುವುದು ಸೋಜಿಗ. ಬೇಡಿಕೆ ತಾಳಲಾರದೆ ಮೇಲ್ದರ್ಜೆಯ ಹೈಬ್ರಿಡ್‌ಗಳ ಬುಕಿಂಗನ್ನೇ 2023ರಲ್ಲಿ ಕಂಪನಿ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅದೇ ವರ್ಷ ಜುಲೈನಲ್ಲಿ ಅದೇ ಗಾಡಿ, ಅದೇ ಬಿಡದಿಯಿಂದ, ಮೂತಿ ಸ್ವಲ್ಪ ತಿದ್ದಿಕೊಂಡು ಮಾರುತಿ ಇನ್ವಿಕ್ಟೋ ಎಂಬ ಹೆಸರಿನಲ್ಲೂ ಬಂತು. ‘ಅದೇ ಕಾರು, ಬೇಗ ಸಿಗಬಹುದು’ ಎಂದರೆ ಮನೆಯವರೆಲ್ಲ ಒಂದೇ ದನಿಯಲ್ಲಿ ‘ಛೆ, ಅದು ಬೇರೆ’ ಅಂದರು.

ದೆಹಲಿಯಲ್ಲಿ ನಿತಿನ್ ಗಡ್ಕರಿಯವರು 2023ರ ಆಗಸ್ಟ್ 29ರಂದು ಎಥನಾಲ್‌ನಲ್ಲಿ ಓಡುವ ಹೈಕ್ರಾಸಿನ ಮಾದರಿಯೊಂದನ್ನು ತೋರಿಸಿದ ಸುದ್ದಿಗೆ ಮಂಡ್ಯದ ಕಡೆಯ ಗೆಳೆಯರೊಬ್ಬರ ಪ್ರತಿಕ್ರಿಯೆ ಇಲ್ಲೇ ದಾಖಲಾಗಲಿ: ‘ನಮ್ಮ ಕಬ್ಬಲ್ಲಿ ಕಾರು ಓಡ್ಲಿ, ಸಂತೋಷ. ಕಬ್ಬಿನ ಬಾಕಿ ದುಡ್ಡೂ ಅದೇ ಕಾರಲ್ಲಿ ಬಂದ್ರೆ ಇನ್ನೂ ಸಂತೋಷ.’

ಈಗ ಎಂಟನೆಯವರು. ಇವರು ಕಾರಿನಲ್ಲಿ ಕೂರುವುದಿಲ್ಲ, ಕಾರಿನ ಹೊರಗೆ ನಿಲ್ಲುತ್ತಾರೆ. ಪ್ರತಿ ಬೀದಿಗೊಬ್ಬರು, ಪ್ರತಿ ಬಂಧುಬಳಗಕ್ಕೊಬ್ಬರು. ಲುಂಗಿ ಎತ್ತಿಕಟ್ಟಿ, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟೈರಿಗೊಂದು ಒದೆ ಕೊಟ್ಟು, ಬೆರಳಗೆಣ್ಣಿನಿಂದ ಬಾಗಿಲು ಬಡಿಯುತ್ತಾರೆ. ಟಣ್. ‘ತಗಡು!’ ಭಾರತದ ಅಪಘಾತ ಪರೀಕ್ಷೆಯಲ್ಲಿ 2025ರಲ್ಲಿ ಈ ಗಾಡಿಗೆ ಐದಕ್ಕೆ ಐದು ನಕ್ಷತ್ರ ಬಂದಿದೆ ಎಂದು ಹೇಳಿ ನೋಡಿ. ‘ನಕ್ಷತ್ರ ಅವರೇ ಕೊಟ್ಕೋತಾರೆ, ನನ್ನ ಗೆಣ್ಣು ಸುಳ್ಳು ಹೇಳಲ್ಲ.’ 2005ರಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದ ಕ್ವಾಲಿಸ್ ನಿಲ್ಲಿಸಿ ಇನೋವಾ ತಂದಾಗ ‘ಕ್ವಾಲಿಸ್ ಗಟ್ಟಿತನ ಎಲ್ಲಿ, ಈ ಮೊಟ್ಟೆ ಆಕಾರ ಎಲ್ಲಿ’ ಅಂದವರು ಇವರೇ. 2016ರಲ್ಲಿ ಕ್ರಿಸ್ಟಾ ಬಂದಾಗ ‘ಹಳೇ ಇನೋವಾನೇ ಇನೋವಾ, ಇದೆಲ್ಲ ಬರೀ ಶೋಕಿ’ ಅಂದರು. ಈಗ ಕ್ರಿಸ್ಟಾ ಚಿನ್ನದಂಥ ಗಾಡಿಯಾಗಿದೆ. ಇವರ ಬಾಯಲ್ಲಿ ಹೈಕ್ರಾಸ್ ಕೂಡ ಒಂದು ದಿನ ಚಿನ್ನವಾಗುತ್ತದೆ, ಅದರ ಮುಂದಿನದು ಬರುವವರೆಗೆ ಕಾಯಬೇಕು. ಮೂರು ತಲೆಮಾರಿನ ಇನೋವಾಗಳಿಗೆ ತೀರ್ಪು ಕೊಟ್ಟ ಇವರ ಮನೆ ಮುಂದೆ ನಿಂತಿರುವುದು ಒಂದು ಸ್ಕೂಟರ್. ಅದನ್ನು ಕೊಳ್ಳುವಾಗ ಯಾರನ್ನೂ ಕೇಳಿರಲಿಲ್ಲವಂತೆ.

ಇಷ್ಟೆಲ್ಲ ಆಗಿ, ಕೊನೆಗೆ ಮುಂಗಡ ಕಟ್ಟಲು ಮನೆಮಂದಿಯೆಲ್ಲ ಶೋರೂಮಿಗೆ ಹೋದರು. ಬಣ್ಣದ ಪಟ್ಟಿಯಲ್ಲಿ ‘ಬ್ಲ್ಯಾಕಿಶ್ ಅಗೇಹಾ ಗ್ಲಾಸ್ ಫ್ಲೇಕ್’ ಎಂಬುದೊಂದಿತ್ತು. ಅಜ್ಜಿ ಅದು ದಿನಕ್ಕೆ ಎರಡು ಹೊತ್ತೋ ಮೂರು ಹೊತ್ತೋ ಎಂದು ಕೇಳಿದರು. ಅರ್ಧ ಗಂಟೆ ಚರ್ಚೆಯಾಗಿ, ಎಲ್ಲರೂ ಸರ್ವಾನುಮತದಿಂದ ಬಿಳಿ ಅಂದರು. ರೀಸೇಲ್ ಚೆನ್ನಾಗಿರುತ್ತದೆ. ಇನ್ನೂ ಕೊಂಡಿರದ ಕಾರನ್ನು ಮಾರುವ ವಿಷಯದಲ್ಲಿ ಮಾತ್ರ ಮನೆಯಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಹುಡುಗ ಫಾರಂ ಮುಂದಿಟ್ಟು, ‘ಸರ್, ನಂಬರ್ ಫ್ಯಾನ್ಸಿ ಬೇಕಾ?’ ಎಂದು ಕೇಳಿದ. ಕೇಳಬಾರದಿತ್ತು.

ಯಜಮಾನರು ಕೂಡಿಸಿದರೆ ಒಂಬತ್ತು ಬರಲೇಬೇಕು ಅಂದರು. ಅವರ ಹೆಂಡತಿ, ‘ನಿಮಗೆ ಒಂಬತ್ತು ಆಗಿಬರುತ್ತೆ, ಮಗನ ಜಾತಕಕ್ಕೆ ಐದು’ ಅಂದರು. ಮಗ 4444 ಎಷ್ಟಾಗುತ್ತದೆ ಎಂದು ಆಗಲೇ ಫೋನಿನಲ್ಲಿ ಹುಡುಕುತ್ತಿದ್ದ. ಅಜ್ಜಿ ಡೆಮೋ ಗಾಡಿಯ ನಡುವಿನ ಸೀಟಿನಿಂದ ಇಳಿಯದೆ, ನಂಬರ್ ಯಾವುದಾದರೂ ಆಗಲಿ ಬಟನ್ ಇರಲಿ ಅಂದರು. ಜೊತೆಗೆ ಬಂದಿದ್ದ ಎಂಟನೆಯವರು ಆಗಷ್ಟೇ ಡೆಮೋ ಗಾಡಿಯ ಟೈರಿಗೆ ಒದ್ದು ಮುಗಿಸಿ ಹತ್ತಿರ ಬಂದರು.

‘ಎಷ್ಟಾದ್ರೂ ಬರ್ಲಿ ಭಾವ, ಎಂಟು ಮಾತ್ರ ಬೇಡ. ಎಂಟು ಅಂದ್ರೆ ಶನಿ.’

ಶೋರೂಮಿನ ಹುಡುಗ ಕ್ಯಾಲ್ಕುಲೇಟರ್ ತೆಗೆದು, ಎಲ್ಲರಿಗೂ ಇನ್ನೊಂದು ರೌಂಡ್ ಕಾಫಿ ಹೇಳಿದ.